ಮಲಗದ ಕೂಸು ಮತ್ತು ಎರಡಂಗುಲ ಸಾಲದ ಹಗ್ಗ

(ಕಾರ್ತಿಕಮಾಸದ ಪ್ರವಚನ)

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಕಾರ್ತಿಕಮಾಸಕ್ಕೆ ಶ್ರೀದಾಮೋದರನು ನಿಯಾಮಕನು. ಆಷಾಢ ಶುಕ್ಲ ಏಕಾದಶಿಯಂದು ಯೋಗನಿದ್ರೆಯನ್ನು ಸ್ವೀಕರಿಸಿದ ಶ್ರೀಹರಿಯನ್ನು ಈ ಮಾಸದ ಉತ್ಥಾನದ್ವಾದಶಿಯಂದು ನಾವು ಎಬ್ಬಿಸುತ್ತೇವೆ. ನಸುಕಿನಲ್ಲೆದ್ದು ಕಾಕಡಾರತಿ ಮಾಡುತ್ತೇವೆ. ಸಂಜೆಗೆ ತುಳಸಿಯ ಮುಂದೆ ದೀಪವಿಟ್ಟು, ನೆಲ್ಲಿಯ ಟೊಂಗೆಯನ್ನಿಟ್ಟು ಪೂಜಿಸುತ್ತೇವೆ. ನಿದ್ರೆಯೆಂಬ ದೋಷವೇ ಇಲ್ಲದ ಸ್ವಾಮಿಯು ನಿದ್ರಿಸಿದಂತೆ ತೋರುತ್ತಾನೆ. ಅವನನ್ನು ಎಬ್ಬಿಸಿದೆವೆಂದು ನಾವು ಸಂತೋಷಪಡುತ್ತೇವೆ. ಇದು ಅವನ ಲೀಲೆ, ನಮ್ಮ ಸೇವೆ.

ಆದರೆ ಈ ಮಾಸದ ಪ್ರವಚನಗಳಲ್ಲಿ, ಮಂಗಳಾರತಿಯಾಗಿ ಫಲ ಮಂತ್ರಾಕ್ಷತೆ ಕೊಡುವ ಹೊತ್ತಿಗೆ, ಎಳೆಗೂಸನ್ನು ಹೆಗಲಿಗೆ ಹಾಕಿಕೊಂಡು ಬರುವ ತಾಯಂದಿರು ಕೇಳುವುದು ಬೇರೆಯೇ. "ಆಚಾರ್ರೇ, ದೇವರನ್ನ ಎಬ್ಬಿಸೋ ಮಂತ್ರ ಅದ. ನಮ್ಮ ಕೂಸನ್ನ ಮಲಗಿಸೋ ಮಂತ್ರ ಯಾವದರೆ ಅದ ಏನ್ರಿ?" ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ಕೇಳಿದ ತಾಯಿಯೂ ನಗುತ್ತಾಳೆ. ಆದರೆ ಅವಳ ಕಣ್ಣ ಕೆಳಗಿನ ಕಪ್ಪು ನಗುವುದಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳ ನಮ್ಮ ಮನೆಗಳ ಸ್ಥಿತಿಯನ್ನು ಬಲ್ಲವರಿಗೆ ಈ ಪ್ರಶ್ನೆಯ ಭಾರವು ತಿಳಿಯದೆ ಇರದು. ಹಿಂದೆ ವಾಡೆಯಂತಹ ಮನೆಗಳಲ್ಲಿ ಅಜ್ಜಿ, ಅತ್ತೆ, ಕಾಕು, ಮಾವಶಿ ಎಂದು ಹತ್ತು ಮಡಿಲುಗಳಿದ್ದವು. ಒಬ್ಬರ ತೋಳು ಸೋತರೆ ಇನ್ನೊಬ್ಬರ ತೋಳು ಕೂಸನ್ನು ಎತ್ತಿಕೊಳ್ಳುತ್ತಿತ್ತು. ಇಂದು ಮಗನು ಕಲಬುರಗಿಯಲ್ಲಿಯೋ ಸೊಲ್ಲಾಪುರದಲ್ಲಿಯೋ ಪುಣೆ, ಹೈದರಾಬಾದುಗಳಲ್ಲಿಯೋ ನೌಕರಿಯಲ್ಲಿರುತ್ತಾನೆ. ಬಾಳಂತನ ಮುಗಿಸಿ ತವರಿನಿಂದ ಬಂದ ಸೊಸೆಯು ಎರಡು ಕೋಣೆಗಳ ಬಾಡಿಗೆಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಊರಲ್ಲಿಯೇ ಉಳಿದರೆ ವೃದ್ಧರಾದ ಅತ್ತೆಮಾವಂದಿರ ಸೇವೆ, ಮಡಿ ಅಡಿಗೆ, ಬಂದುಹೋಗುವವರ ಉಪಚಾರ ಎಲ್ಲವೂ ಅವಳ ಪಾಲಿಗೇ ಬರುತ್ತವೆ. ನಡುವೆ ಕೂಸು ಹಗಲೆಲ್ಲ ಹರಿದಾಡುತ್ತದೆ, ಹಿಡಿದದ್ದನ್ನೆಲ್ಲ ಎಳೆಯುತ್ತದೆ, ರಾತ್ರಿ ಗಂಟೆಗೊಮ್ಮೆ ಏಳುತ್ತದೆ. ಚೈತ್ರ ವೈಶಾಖಗಳಲ್ಲಿ ನಮ್ಮ ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟುವಾಗ ಕರೆಂಟೂ ಹೋಯಿತೆಂದರೆ ದೊಡ್ಡವರಿಗೇ ನಿದ್ರೆಯಿಲ್ಲ, ಕೂಸಿಗೆಲ್ಲಿಯದು? ಇಷ್ಟರ ಮೇಲೆ ಬಂದವರೆಲ್ಲರೂ ಒಂದೊಂದು ಮಾತನ್ನು ಬಿಟ್ಟು ಹೋಗುತ್ತಾರೆ: ಹಾಲು ಸಾಲದು, ದೃಷ್ಟಿ ತಾಗಿದೆ, ತಾಯಿಗೆ ಸಂಭಾಳಿಸಲು ಬರುವುದಿಲ್ಲ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ.

ಇದಕ್ಕೆ ಶಾಸ್ತ್ರವು ಏನು ಹೇಳುತ್ತದೆ? ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಈ ಮಾಸದ ದೇವತೆಯ ಹೆಸರಿನಲ್ಲಿಯೇ ಉತ್ತರವಿದೆ. ದಾಮವೆಂದರೆ ಹಗ್ಗ, ಉದರವೆಂದರೆ ಹೊಟ್ಟೆ. ಹೊಟ್ಟೆಗೆ ಹಗ್ಗ ಕಟ್ಟಿಸಿಕೊಂಡ ತುಂಟ ಮಗುವೇ ದಾಮೋದರನು.

ಯಶೋದೆಯ ಪರಿಶ್ರಮ

ಶ್ರೀಮದ್ಭಾಗವತ ದಶಮಸ್ಕಂಧದ ಒಂಬತ್ತನೆಯ ಅಧ್ಯಾಯದ ಕಥೆ ನಿಮಗೆಲ್ಲ ತಿಳಿದದ್ದೇ. ಆದರೂ ಈ ದೃಷ್ಟಿಯಿಂದ ಮತ್ತೊಮ್ಮೆ ಕೇಳಿರಿ. ಅಂದು ಮನೆಯ ದಾಸಿಯರು ಬೇರೆ ಕೆಲಸಗಳಲ್ಲಿ ತೊಡಗಿದ್ದರು. ಯಶೋದೆಯು ತಾನೇ ಮೊಸರು ಕಡೆಯುತ್ತಿದ್ದಳು. ಕಡೆಯುತ್ತಲೇ ಮಗನ ಲೀಲೆಗಳನ್ನು ಹಾಡುತ್ತಿದ್ದಳು. ಮಗುವು ಬಂದು ಕಡಗೋಲನ್ನು ಹಿಡಿದು ನಿಲ್ಲಿಸಿತು. ಅವಳು ತೊಡೆಯ ಮೇಲೆ ಮಲಗಿಸಿಕೊಂಡು ಮೊಲೆಯೂಡಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಇನ್ನೂ ತೃಪ್ತಿಯಾಗದ ಮಗುವನ್ನು ಬಿಟ್ಟು ಒಳಗೆ ಓಡಿದಳು. ಮಗುವಿಗೆ ಕೋಪ ಬಂದಿತು. ಗಡಿಗೆ ಒಡೆಯಿತು, ಬೆಣ್ಣೆ ತಿಂದಿತು, ಬೋರಲು ಹಾಕಿದ ಒರಳಿನ ಮೇಲೆ ನಿಂತು ಮಂಗಗಳಿಗೂ ಹಂಚಿತು.

ಒಂದು ಬೆಳಗಿನ ಒಂದು ಗಳಿಗೆಯಲ್ಲಿ ನಡೆದ ಸಂಗತಿಯಿದು! ಎಳೆಗೂಸಿರುವ ಯಾವ ಮನೆಯಲ್ಲಿ ಇದು ನಡೆಯುವುದಿಲ್ಲ? ಕಡೆಯುವುದು ನಿಂತಿತು, ಹಾಲು ಉಕ್ಕಿತು, ಗಡಿಗೆ ಒಡೆಯಿತು. ತಾಯಿಯು ಕೋಲು ಹಿಡಿದು ಬೆನ್ನಟ್ಟಿದಳು. ಹಿಡಿದಾಗ ಮಗುವು ಹೆದರಿ, ಕಾಡಿಗೆ ಕದಡಿದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ ಅಳುತ್ತಿತ್ತು. ಆ ಭಯವನ್ನು ಕಂಡ ತಾಯಿಯು ಕೋಲನ್ನು ಬಿಸುಟಳು. ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತಪ್ಪು ಮಾಡಿದ ಮಗುವು ಎದುರಿಗಿದೆ, ಕೋಲು ಕೈಯಲ್ಲಿದೆ, ಕೋಪಕ್ಕೆ ಕಾರಣವೂ ಇದೆ. ಆದರೂ ಕೋಲು ನೆಲಕ್ಕೆ ಬಿದ್ದಿತು. ಮಗುವಿನ ಭಯವು ಕಂಡ ಮೇಲೆ ದಂಡಕ್ಕೆ ಸ್ಥಳವಿಲ್ಲವೆಂಬುದು ಯಶೋದೆಯ ನಿರ್ಣಯ.

ಅನಂತರ ಕಟ್ಟಲು ಹೋದಳು. ಹಗ್ಗವು ಎರಡಂಗುಲ ಸಾಲದಾಯಿತು. ಮನೆಯ ಹಗ್ಗಗಳನ್ನೆಲ್ಲ ಜೋಡಿಸಿದರೂ ಎರಡೇ ಅಂಗುಲ ಕಡಿಮೆ. ಮೈ ಬೆವರಿತು, ಮುಡಿಯ ಹೂ ಜಾರಿತು. ಆಗ ಶ್ರೀಕೃಷ್ಣನು ತಾಯಿಯ ಪರಿಶ್ರಮವನ್ನು ಕಂಡು ಕೃಪೆಯಿಂದ ತಾನೇ ಕಟ್ಟಿಸಿಕೊಂಡನು. ಒಂದಂಗುಲವು ಜೀವನ ಪ್ರಯತ್ನ, ಇನ್ನೊಂದಂಗುಲವು ಭಗವಂತನ ಕೃಪೆ ಎಂದು ಹಿರಿಯರು ಇದಕ್ಕೆ ಅರ್ಥವನ್ನು ಹೇಳುತ್ತ ಬಂದಿದ್ದಾರೆ. ಪ್ರಯತ್ನವನ್ನು ಬಿಟ್ಟವನಿಗೆ ಕೃಪೆಯಿಲ್ಲ. ಪ್ರಯತ್ನವೇ ಸಾಕೆಂದವನಿಗೆ ಹಗ್ಗವು ಎಂದಿಗೂ ಸಾಲದು.

ಇದರಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದು "ಪರಿಶ್ರಮ" ಎಂಬ ಆ ಒಂದು ಶಬ್ದವನ್ನು. ಇದೇ ಸ್ಕಂಧದ ಮೂರನೆಯ ಅಧ್ಯಾಯದಲ್ಲಿ ಗೋಕುಲದ ಪ್ರಸವದ ರಾತ್ರಿಯ ವರ್ಣನೆ ಬರುತ್ತದೆ. ಅಲ್ಲಿ ಯಶೋದೆಗೆ ಶ್ರೀ ವೇದವ್ಯಾಸದೇವರು ಬಳಸಿದ ವಿಶೇಷಣವು "ಪರಿಶ್ರಾಂತಾ" ಎಂಬುದು. ಅವಳು ಬಳಲಿ, ನಿದ್ರೆಯಿಂದ ಮೈಮರೆತು, ಹುಟ್ಟಿದ್ದು ಗಂಡೋ ಹೆಣ್ಣೋ ಎಂಬುದನ್ನೂ ಅರಿಯದೆ ಮಲಗಿದ್ದಳು. ಹೀಗೆ ಪ್ರಸವದ ರಾತ್ರಿಯೊಮ್ಮೆ, ಹಗ್ಗ ಕಟ್ಟುವ ಹಗಲೊಮ್ಮೆ, ತಾಯಿಯ ಬಳಲಿಕೆಯನ್ನು ಪುರಾಣವು ಹೆಸರಿಟ್ಟು ಹೇಳಿದೆ. ಅವಳ ಬಳಲಿಕೆಯನ್ನು ದೇವರು ಕಂಡನು. ನಮ್ಮ ಮನೆಗಳಲ್ಲಿ ಎಷ್ಟು ಜನ ಕಾಣುತ್ತಾರೆ? ಇಂದಿನ ನಮ್ಮ ಮಾತಿನ ಸಾರವು ಇಷ್ಟೇ.

ನಿದ್ರೆಯು ಯಾರ ಅಧೀನ?

ಕೂಸು ಮಲಗದಿದ್ದರೆ ತಾಯಿಯನ್ನು ದೂರುವವರು ನಮ್ಮ ಸಿದ್ಧಾಂತವನ್ನು ಒಮ್ಮೆ ನೆನೆಯಬೇಕು. ಎಚ್ಚರ, ಕನಸು, ಗಾಢನಿದ್ರೆ ಈ ಮೂರು ಅವಸ್ಥೆಗಳನ್ನು ಜೀವನಿಗೆ ಕೊಡತಕ್ಕವು ವಿಶ್ವ, ತೈಜಸ, ಪ್ರಾಜ್ಞ ಎಂಬ ಭಗವದ್ರೂಪಗಳೆಂದು ಮಾಂಡೂಕ್ಯೋಪನಿಷತ್ತಿಗೆ ಶ್ರೀಮದಾಚಾರ್ಯರು ಅರ್ಥವನ್ನು ತಿಳಿಸಿದ್ದಾರೆ. ಬಲಗಣ್ಣಿನಲ್ಲಿ ವಿಶ್ವನು, ಕಂಠದಲ್ಲಿ ತೈಜಸನು, ಹೃದಯದಲ್ಲಿ ಪ್ರಾಜ್ಞನು. ಪ್ರಾಜ್ಞನು ಕರೆದುಕೊಂಡಾಗಲೇ ಜೀವನಿಗೆ ಸುಷುಪ್ತಿ. ತನ್ನ ನಿದ್ರೆಯನ್ನೇ ತನ್ನ ಇಚ್ಛೆಯಂತೆ ತಂದುಕೊಳ್ಳಲಾರದ ಮನುಷ್ಯನು ಇನ್ನೊಂದು ಜೀವನ ನಿದ್ರೆಯನ್ನು ಹೇಗೆ ತಂದಾನು? ಆದ್ದರಿಂದ "ನೀನು ಮಲಗಿಸಲಿಲ್ಲ" ಎಂದು ತಾಯಿಯನ್ನು ಆಕ್ಷೇಪಿಸುವುದು ತತ್ತ್ವಕ್ಕೂ ವಿರುದ್ಧ, ದಯೆಗೂ ವಿರುದ್ಧ. ಮಲಗುವ ಹೊತ್ತನ್ನೂ ಸ್ಥಳವನ್ನೂ ಸಿದ್ಧಪಡಿಸುವುದು ನಮ್ಮ ಅಂಗುಲ. ನಿದ್ರೆಯನ್ನು ಕೊಡುವುದು ಅವನ ಅಂಗುಲ.

ಇನ್ನು ಚಟುವಟಿಕೆಯ ಮಾತು. ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ಒಂದು ಜೀವದಂತೆ ಇನ್ನೊಂದಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಎರಡು ಮಕ್ಕಳು ಸಹ ಒಂದೇ ತೆರನಲ್ಲ. ಮೊದಲನೆಯದು ತೊಟ್ಟಿಲಿಗೆ ಹಾಕಿದೊಡನೆ ಮಲಗಿತು, ಎರಡನೆಯದು ತೊಟ್ಟಿಲನ್ನೇ ಅಲುಗಾಡಿಸುತ್ತದೆ ಎಂದರೆ ಯಾರದೂ ತಪ್ಪಲ್ಲ. ಮಳಖೇಡದ ಶ್ರೀಮಟ್ಟೀಕಾಕೃತ್ಪಾದರ ಚರಿತ್ರೆಯಲ್ಲಿ ಬರುವ ಆ ತರುಣನನ್ನು ನೆನೆಯಿರಿ. ಕುದುರೆಯಿಂದ ಇಳಿಯದೆಯೇ ಬಾಗಿ, ಎತ್ತಿನಂತೆ ನದಿಗೆ ಬಾಯಿಯಿಟ್ಟು ನೀರು ಕುಡಿದವನು ಅವನು. ಬೇರೆಯವರು ಕಂಡಿದ್ದರೆ ಒರಟನೆನ್ನುತ್ತಿದ್ದರು. ಶ್ರೀ ಅಕ್ಷೋಭ್ಯತೀರ್ಥರು ಅವನಲ್ಲಿ ಜಯತೀರ್ಥರನ್ನು ಕಂಡರು. ಚೈತನ್ಯದ ಹರಿವು ದೋಷವಲ್ಲ. ಅದನ್ನು ನೋಡುವ ಕಣ್ಣು ಬೇಕು.

ಪಾಜಕದ ಕೂಸು

ಇಂತಹ ಕೂಸು ನಮ್ಮ ಸಂಪ್ರದಾಯದ ಮೂಲದಲ್ಲಿಯೇ ಇದೆ. ಉಡುಪಿಯ ಬಳಿಯ ಪಾಜಕದಲ್ಲಿ ಮಧ್ಯಗೇಹಭಟ್ಟರ ಮನೆಯಲ್ಲಿ 1238ರಲ್ಲಿ ವಾಸುದೇವನೆಂಬ ಹೆಸರಿನಿಂದ ಅವತರಿಸಿದ ಶ್ರೀಮದಾಚಾರ್ಯರ ಶೈಶವವನ್ನು ನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದ ಎರಡನೆಯ ಸರ್ಗದಲ್ಲಿ ವರ್ಣಿಸಿದ್ದಾರೆ. ಆ ತಂದೆತಾಯಿಗಳು ಮೊದಲು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡವರು. ಹನ್ನೆರಡು ವರ್ಷಗಳ ಕಾಲ ಅನಂತೇಶ್ವರನನ್ನು ಸೇವಿಸಿ ಪಡೆದ ಮಗನಿವನು. ಅಂತಹ ಮಗನು ಕಣ್ಣಿಗೆ ಮರೆಯಾದರೆ ತಾಯಿಯ ಎದೆ ಹೇಗಾದೀತು!

ಒಮ್ಮೆ ತಾಯಿಯು ಕೂಸನ್ನು ಅಕ್ಕನ ಬಳಿ ಬಿಟ್ಟು ಹೊರಗೆ ಹೋಗಿದ್ದಳು. ಕೂಸು ಅಳಲಾರಂಭಿಸಿತು. ಆ ಹುಡುಗಿಯು ಎಷ್ಟು ರಮಿಸಿದರೂ ಸುಮ್ಮನಾಗಲಿಲ್ಲ. ಬೇರೆ ದಾರಿ ಕಾಣದೆ ಬೇಯಿಸಿದ ಹುರುಳಿಯನ್ನು ತಿನ್ನಿಸಿದಳು. ಕೂಸು ತಿಂದು ಸುಮ್ಮನಾಯಿತು. ಮರಳಿ ಬಂದ ತಾಯಿಯು ಕೇಳಿ ನಡುಗಿದಳು. ವಾಯುದೇವರಿಗೆ ಹುರುಳಿಯೇನು, ಕಾಲಕೂಟವೂ ಜೀರ್ಣವಾದೀತು. ನಮ್ಮ ಕೂಸುಗಳಿಗೆ ಆಗದು. ಅವತಾರದ ಮಹಿಮೆಗೆ ನಾವು ಕೈ ಮುಗಿಯಬೇಕು. ನಮ್ಮ ನಡೆಗೆ ಮಾದರಿಯಾಗಬೇಕಾದುದು ಆ ತಾಯಿಯ ನಡುಕ. ಆರು ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡವೆಂದು ವೈದ್ಯರು ಹೇಳುವುದೂ ಇದನ್ನೇ. "ಹೊಟ್ಟೆ ಭಾರವಾದರೆ ಮಲಗೀತು" ಎಂದು ಎಳೆಗೂಸಿಗೆ ರವೆ, ಬಿಸ್ಕೀಟು ತಿನ್ನಿಸುವುದು ಸಲ್ಲದು. ಮತ್ತೊಂದು ಮಾತು: ಅಳುವ ಕೂಸನ್ನು ಎಂಟು ಹತ್ತು ವರ್ಷದ ಹುಡುಗಿಯ ವಶಕ್ಕೆ ಒಪ್ಪಿಸಿ ದೊಡ್ಡವರು ಹೋಗಬಾರದು. ಅವಳಿಗೆ ದಿಕ್ಕು ತೋಚದಿದ್ದರೆ ಅವಳ ತಪ್ಪಲ್ಲ.

ಇನ್ನೊಮ್ಮೆ ಆ ಕೂಸು ಹೋರಿಯ ಬಾಲವನ್ನು ಹಿಡಿದು ಕಾಡಿಗೆ ಹೋಯಿತು. ಮನೆಯವರು ದಿನವೆಲ್ಲ ಹುಡುಕಿದರು. ಸಂಜೆಗೆ ಹೋರಿಯೊಡನೆ ಮರಳಿತು. ಮುಂದೆ ಮೂರೂ ವೇದಾಂತಪ್ರಸ್ಥಾನಗಳಿಗೆ ಭಾಷ್ಯ ಬರೆದು ಬದರಿಯವರೆಗೆ ನಡೆದ ಪಾದಗಳಿವು. ಹರಿದಾಡುವ ಕೂಸನ್ನು ಕಂಡು "ಇದು ಮುಂದೆ ಹೇಗಾದೀತೋ" ಎಂದು ಹೆದರುವವರು ಇದನ್ನು ನೆನೆದು ಧೈರ್ಯ ತಾಳಬೇಕು. ಕೈಗೂಸಿನ ಚುರುಕನ್ನು ಕಂಡೊಡನೆ ಅದಕ್ಕೊಂದು ರೋಗದ ಹೆಸರನ್ನು ಇಡುವುದು ತರವಲ್ಲ.

ನಮ್ಮ ಪಾಲಿನ ಅಂಗುಲ

ಹಾಗಾದರೆ ಪ್ರಯತ್ನವೆಂದರೇನು? ಮೊದಲು ಲೆಕ್ಕವನ್ನು ಸರಿಯಾಗಿ ಹಾಕಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿದಂತೆ ಮೂರು ತಿಂಗಳವರೆಗಿನ ಕೂಸಿಗೆ ದಿನಕ್ಕೆ 14ರಿಂದ 17 ಗಂಟೆ, ನಾಲ್ಕರಿಂದ ಹನ್ನೊಂದು ತಿಂಗಳವರೆಗೆ 12ರಿಂದ 16 ಗಂಟೆ, ಒಂದರಿಂದ ಎರಡು ವರ್ಷದವರೆಗೆ 11ರಿಂದ 14 ಗಂಟೆ ನಿದ್ರೆ ಬೇಕು. ಇದು ಹಗಲು ರಾತ್ರಿ ಸೇರಿದ ಲೆಕ್ಕ, ಅದೂ ತುಣುಕು ತುಣುಕಾಗಿ. ಎಳೆಗೂಸಿನ ಹೊಟ್ಟೆ ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಸಿವು. ಹಗಲು ರಾತ್ರಿಗಳ ಭೇದವು ಅದರ ದೇಹಕ್ಕೆ ತಿಳಿಯಲು ಎರಡು ಮೂರು ತಿಂಗಳು ಬೇಕು. ಅಳುವೂ ಹುಟ್ಟಿದ ಆರು ವಾರಗಳ ಹೊತ್ತಿಗೆ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ಸಾಮಾನ್ಯವಾಗಿ ಇಳಿಯುತ್ತದೆ. "ಮಲಗುವುದೇ ಇಲ್ಲ" ಎನಿಸುವ ಕೂಸು ಎಷ್ಟು ಮಲಗಿತೆಂಬುದನ್ನು ನಾಲ್ಕು ದಿನ ಗೋಡೆಯ ಪಂಚಾಂಗದ ಅಂಚಿನಲ್ಲಿ ಗುರುತು ಹಾಕಿ ನೋಡಿರಿ. ಅನೇಕ ಸಲ ಕೂಸಿನ ನಿದ್ರೆ ಸರಿಯಾಗಿಯೇ ಇರುತ್ತದೆ. ಮುರಿದು ಬೀಳುವುದು ತಾಯಿಯ ನಿದ್ರೆ.

ಎರಡನೆಯದು ಕ್ರಮ. ನಮ್ಮ ಮಠಗಳಲ್ಲಿ ರಾತ್ರಿ ತೊಟ್ಟಿಲುಪೂಜೆ ನಡೆಯುವ ಬಗೆಯನ್ನು ನೋಡಿದ್ದೀರಿ. ನಿಯತವಾದ ಕಾಲ, ನಿಯತವಾದ ಕ್ರಮ, ಹರಿದಾಸರ ಜೋಗುಳದ ಪದ, ಅನಂತರ ಏಕಾಂತ, ಬಾಗಿಲು ಮುಚ್ಚುವುದು. ದಿನವೂ ಹೊಸದೊಂದು ಉಪಾಯವನ್ನು ಯಾರೂ ಹುಡುಕುವುದಿಲ್ಲ. ಇಂದಿನ ಶಿಶುವೈದ್ಯರು ಹೇಳುವುದೂ ಇದಕ್ಕಿಂತ ಬೇರೆಯಲ್ಲ: ದಿನವೂ ಅದೇ ಹೊತ್ತಿಗೆ ಬೆಚ್ಚನೆಯ ನೀರಿನಿಂದ ಮೈ ಒರೆಸುವುದು, ಹಾಲೂಡುವುದು, ದೀಪವನ್ನು ಸಣ್ಣದು ಮಾಡುವುದು, ಅದೇ ಹಾಡನ್ನು ಅದೇ ಮೆಲುದನಿಯಲ್ಲಿ ಹಾಡುವುದು, ಮಲಗಿಸುವುದು. ನಡುರಾತ್ರಿ ಎದ್ದರೆ ದೊಡ್ಡ ದೀಪ ಹಚ್ಚದೆ, ಮಾತಾಡಿಸದೆ, ಹಾಲೂಡಿ ಮತ್ತೆ ಮಲಗಿಸುವುದು. ಬೆಳಿಗ್ಗೆ ಬೆಳಕಿಗೆ ತರುವುದು, ಹಗಲು ಪಡಸಾಲೆಯಲ್ಲಿ ಕೈಗೆಟುಕುವ ಅಪಾಯಗಳನ್ನೆಲ್ಲ ತೆಗೆದು ಮನಸಾರೆ ಅಂಬೆಗಾಲಿಕ್ಕಲು ಬಿಡುವುದು. ಕಣ್ಣುಜ್ಜುವುದು, ಆಕಳಿಸುವುದು, ಕಿವಿ ಎಳೆದುಕೊಳ್ಳುವುದು ನಿದ್ರೆಯ ಕರೆಗಳು. ಆ ಹೊತ್ತು ತಪ್ಪಿದರೆ ದಣಿದ ಕೂಸು ಇನ್ನೂ ಹೆಚ್ಚು ಕುಣಿಯುತ್ತದೆ, ನಾವು "ಇದಕ್ಕೆ ನಿದ್ರೆಯೇ ಬಂದಿಲ್ಲ" ಎಂದುಕೊಳ್ಳುತ್ತೇವೆ. ಮಳಖೇಡದ ಆರಾಧನೆಗೋ ಮಣೂರಿನ ಶ್ರೀ ಮಾಧವತೀರ್ಥರ ವೃಂದಾವನದ ದರ್ಶನಕ್ಕೋ ಹೋಗಿ ಬಂದ ರಾತ್ರಿ ಕೂಸು ಮಲಗದಿದ್ದರೆ ದೃಷ್ಟಿಯೇ ಕಾರಣವೆನ್ನಬೇಕಾಗಿಲ್ಲ. ಬಸ್ಸು, ಬಿಸಿಲು, ಜನಸಂದಣಿ, ವಾದ್ಯಗಳ ಸದ್ದು ಅದಕ್ಕೆ ಸಾಕು. ಮೊಬೈಲನ್ನು ಕೈಗೆ ಕೊಟ್ಟು ಸುಮ್ಮನಾಗಿಸುವುದು ಬೇಡ.

ಮೂರನೆಯದು ಮೈಯ ಸುಖ. ಬಿಸಿಲುಗಾಲದಲ್ಲಿಯೂ ಕುಂಚಿಗೆ, ಉಣ್ಣೆಯ ಟೊಪ್ಪಿಗೆ ಹಾಕಿ ಬಿಗಿದು ಸುತ್ತಿದರೆ ಕೂಸು ಹೇಗೆ ಮಲಗೀತು? ತೆಳುವಾದ ಹತ್ತಿಯ ಅಂಗಿ ಸಾಕು. ಎಣ್ಣೆನೀರಿನ ನಂತರ ಹಾಕುವ ಧೂಪದ ದಟ್ಟ ಹೊಗೆಯು ಕೂಸಿನ ಉಸಿರಿಗೆ ಹಿತವಲ್ಲ. ಕೂಸನ್ನು ಅಂಗಾತ ಮಲಗಿಸಬೇಕು. ಮುಖದ ಬಳಿ ಮೆತ್ತನೆಯ ದಿಂಬು, ರಗ್ಗು ಇರಬಾರದು.

ರಕ್ಷೆ ಕಟ್ಟಬಾರದೇ, ದೃಷ್ಟಿ ತೆಗೆಯಬಾರದೇ ಎಂದು ಕೇಳಬಹುದು. ಪೂತನಿಯ ಪ್ರಸಂಗದಲ್ಲಿ ಗೋಪಿಯರು ಭಗವನ್ನಾಮಗಳಿಂದ ಕೂಸಿನ ಅಂಗಾಂಗಗಳಿಗೆ ರಕ್ಷೆ ಮಾಡಿದರೆಂದು ಭಾಗವತವೇ ಹೇಳುತ್ತದೆ. ನಾಮದ ರಕ್ಷೆ ಸದಾ ಇರಲಿ. ಆದರೆ ಜ್ವರ, ಹಾಲು ಕುಡಿಯದಿರುವುದು, ಉಸಿರಾಡುವಾಗ ಎದೆ ಒಳಗೆ ಸೆಳೆಯುವುದು, ಹಸಿರು ವಾಂತಿ, ಯಾವುದಕ್ಕೂ ನಿಲ್ಲದ ಕೀರಲು ಅಳು ಇವುಗಳಲ್ಲಿ ಒಂದು ಕಂಡರೂ ಅಂದೇ ತಾಲೂಕಾ ಆಸ್ಪತ್ರೆಗೆ ಹೋಗತಕ್ಕದ್ದು. ತೂಕ ಏರದಿದ್ದರೆ, ಮಲಗಿದಾಗ ಗೊರಕೆ ಬಂದು ಉಸಿರು ತಡೆತಡೆದು ಬರುತ್ತಿದ್ದರೆ, ಸದ್ದಿಗೆ ತಿರುಗದಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೂ ಕೂಸಿನ ನಿದ್ರೆ ಕೆಡುವುದುಂಟು, ಅದಕ್ಕೆ ಔಷಧವಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆಯು 42 ದಿನಗಳೊಳಗೆ ಆರು ಸಲ ಮನೆಗೆ ಬರಬೇಕೆಂಬ ನಿಯಮವಿದೆ. ಅವಳನ್ನು ಬಾಗಿಲಲ್ಲಿಯೇ ಕಳಿಸದೆ ಕೂರಿಸಿ ಕೇಳಿರಿ.

ಸರ್ವಥಾ ಕೂಡದ್ದು

ಹಿಂದಿನ ಶತಮಾನದ ಮೊದಲ ಭಾಗದಲ್ಲಿ ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು, ಕೂಸು ಅಳದೆ ಮಲಗಿರಲೆಂದು ಅಫೀಮಿನ ಗುಳಿಗೆ ಕೊಡುತ್ತಿದ್ದರೆಂಬುದು ಆ ಕಾಲದ ಸರಕಾರದ ವರದಿಗಳಲ್ಲಿಯೇ ಇದೆ. ಅವರದು ಬಡತನದ ಅನಿವಾರ್ಯತೆ, ಹಾನಿಯಾದದ್ದು ಕೂಸುಗಳಿಗೆ. ಇಂದು ಅಫೀಮಿನ ಸ್ಥಾನದಲ್ಲಿ ನೆಗಡಿಯ ಔಷಧದ ಬಾಟಲಿ ಬಂದಿದೆ. "ಎರಡು ಚಮಚೆ ಹಾಕಿದರೆ ಮಲಗುತ್ತದೆ" ಎಂಬ ಸಲಹೆಯನ್ನು ಕೊಡುವವರಿದ್ದಾರೆ. ಇಂತಹ ನೆಗಡಿ ಔಷಧದ ಒಂದು ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಕೇಂದ್ರದ ಔಷಧ ನಿಯಂತ್ರಣಾಧಿಕಾರಿಗಳು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ. ವೈದ್ಯರು ಬರೆದುಕೊಡದ ಔಷಧ, ಒಳಗೇನಿದೆಯೆಂದು ತಿಳಿಯದ ಗುಟ್ಟಿ, ನಿದ್ರೆಗಾಗಿ ಸರ್ವಥಾ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವನ್ನೂ ಕೊಡಬಾರದು.

ಹೊಡೆಯುವುದಂತೂ ಕೂಡದು. ಹಿಡಿದು ಜೋರಾಗಿ ಅಲ್ಲಾಡಿಸುವುದು ಅದಕ್ಕಿಂತ ಭಯಂಕರವಾದುದು. ಕೂಸಿನ ಕತ್ತು ಎಳೆಯದು, ಮಿದುಳಿನಲ್ಲಿ ರಕ್ತಸ್ರಾವವಾಗಿ ಪ್ರಾಣವೇ ಹೋಗಬಹುದು. ಮೂರನೆಯ ರಾತ್ರಿಯೂ ನಿದ್ರೆಯಿಲ್ಲದ ತಾಯಿಗಾಗಲಿ ತಂದೆಗಾಗಲಿ ಕೋಪವು ನೆತ್ತಿಗೇರುವ ಗಳಿಗೆಯೊಂದು ಬರುತ್ತದೆ. ಅದು ಬಂದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಅತ್ತರೂ ಚಿಂತೆಯಿಲ್ಲ, ಐದು ನಿಮಿಷ ಹೊರಗೆ ಬಂದು ನೀರು ಕುಡಿದು, ಇನ್ನೊಬ್ಬರನ್ನು ಎಬ್ಬಿಸಿರಿ. ಯಶೋದೆಯು ಕೋಲು ಬಿಸುಟದ್ದು ಇದೇ ಗಳಿಗೆಯಲ್ಲಿ. ಗುಮ್ಮನನ್ನು ಕರೆದು ಹೆದರಿಸುವುದೂ ಬೇಡ. ಪುರಂದರದಾಸರು ಗುಮ್ಮನ ಪದವನ್ನು ತಾಯಿಯ ಬಾಯಲ್ಲಿಡದೆ, ಹೆದರಿ ಬೇಡಿಕೊಳ್ಳುವ ಮಗುವಿನ ಬಾಯಲ್ಲಿಟ್ಟರು. ಆ ಮೊರೆಯನ್ನು ಹಾಡುತ್ತ ಆನಂದಿಸುವ ನಾವು ನಮ್ಮ ಮಗುವಿನ ಮೊರೆಯನ್ನು ಕೇಳದಿರಬಹುದೇ?

ಹಗ್ಗ ಬಿಚ್ಚಿದವರು ಯಾರು?

ದಾಮೋದರಲೀಲೆಯ ಕಥೆಯನ್ನು ಹೇಳುವವರು ಹೆಚ್ಚಾಗಿ ಮತ್ತಿಮರಗಳು ಬಿದ್ದಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ ಒರಳಿಗೆ ಕಟ್ಟಿದ್ದ ಮಗುವನ್ನು ನಗುನಗುತ್ತ ಬಿಚ್ಚಿದವನು ನಂದಗೋಪನು, ತಂದೆ. ಅವನು ಹೆಂಡತಿಯನ್ನು ಗದರಿಸಿದನೆಂದು ಅಲ್ಲಿ ಇಲ್ಲ. ಅದರ ಮುಂದೆಯೇ ಗೋಪಿಯರು ಚಪ್ಪಾಳೆ ತಟ್ಟಿ ಆ ಮಗುವನ್ನು ಕುಣಿಸಿದರೆಂದೂ, ಮಣೆ ತಾ, ಪಾದುಕೆ ತಾ ಎಂದು ಹೇಳಿ ತರಿಸಿದರೆಂದೂ ಇದೆ. ಅರ್ಥವೇನು? ಚುರುಕಾದ ಆ ಮಗುವನ್ನು ಯಶೋದೆಯು ಒಬ್ಬಳೇ ಬೆಳೆಸಲಿಲ್ಲ, ವ್ರಜವೇ ಬೆಳೆಸಿತು.

ಆದ್ದರಿಂದ ತಂದೆಯಂದಿರಿಗೆ ನಮ್ಮ ಮಾತು. ರಾತ್ರಿಯ ಒಂದು ಜಾವವನ್ನು ನೀವು ವಹಿಸಿಕೊಳ್ಳಿರಿ. ಹಾಲೂಡುವುದು ತಾಯಿಯೊಬ್ಬಳ ಕೆಲಸವಾದರೂ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುವುದು ನಿಮ್ಮಿಂದ ಆಗದ್ದಲ್ಲ. ಏಕಾದಶಿಯ ಜಾಗರಣೆಯನ್ನು ತಿಂಗಳಿಗೆ ಎರಡು ಸಲ ಮಾಡುವವನು ತನ್ನ ಮನೆಯಲ್ಲಿ ಮೂವತ್ತು ದಿನವೂ ಜಾಗರಣೆ ಮಾಡುತ್ತಿರುವವಳನ್ನು ಮರೆಯಬಾರದು.

ಅತ್ತೆಯಂದಿರಿಗೂ ಹಿರಿಯರಿಗೂ ಪ್ರಾರ್ಥನೆ. ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲವೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿದ್ದಾನೆ. ತಾಯಿಯ ನಿದ್ರೆಯು ಸೋಮಾರಿತನವಲ್ಲ, ಅದು ಅವಳ ಧರ್ಮಕ್ಕೆ ಸಾಧನ. ಹಗಲು ಕೂಸು ಮಲಗಿದಾಗ ಅವಳೂ ಮಲಗಲಿ. ಮಡಿಯ ಅಡಿಗೆಯನ್ನು ಆ ದಿನಗಳಲ್ಲಿ ಬೇರೆಯವರು ನೋಡಿಕೊಳ್ಳಲಿ, ನೈವೇದ್ಯಕ್ಕೆ ಒಂದು ಅನ್ನ, ಒಂದು ತೊವ್ವೆಯೇ ಸಾಕಾಗಲಿ. ಹಾಲೂಡುವವಳ ಏಕಾದಶಿಯ ವಿಷಯದಲ್ಲಿ ಅಶಕ್ತರಿಗೆ ನೀರು, ಹಾಲು, ಹಣ್ಣುಗಳಿಂದ ವ್ರತಭಂಗವಿಲ್ಲವೆಂದು ಸ್ಮೃತಿಗಳು ದಾರಿಯನ್ನು ಇಟ್ಟಿವೆ. ಗುರುಗಳನ್ನೂ ವೈದ್ಯರನ್ನೂ ಕೇಳಿ ನಡೆಸಿರಿ. ಬಾಳಂತಿಯು ಕಾರಣವಿಲ್ಲದೆ ಅಳುವುದು, ಕೂಸು ಮಲಗಿದಾಗಲೂ ನಿದ್ರೆ ಬಾರದಿರುವುದು, ಬದುಕೇ ಬೇಡವೆನ್ನುವುದು ಕಂಡರೆ ಅದನ್ನು ಹಟವೆಂದು ಬಗೆಯಬಾರದು. ಅದು ಔಷಧವಿರುವ ರೋಗ. ಆಸ್ಪತ್ರೆಗೆ ಕರೆದೊಯ್ಯಿರಿ. ಸರಕಾರದ ಟೆಲಿಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಮಾತಾಡಬಹುದು.

ಇನ್ನು ಗುಡಿಗೆ ಬರುವ ಭಕ್ತರಿಗೆ. ಪ್ರವಚನದ ನಡುವೆ ಕೂಸು ಅತ್ತರೆ ತಿರುಗಿ ತಿರುಗಿ ನೋಡಬೇಡಿರಿ. ಕೂಸಿನ ಪ್ರತಿಯೊಂದು ಉಸಿರಿನಲ್ಲಿಯೂ ಮುಖ್ಯಪ್ರಾಣದೇವರು ಹಂಸಮಂತ್ರವನ್ನು ಜಪಿಸುತ್ತಿದ್ದಾರೆ. ಇಂದ್ರಿಯಗಳೆಲ್ಲ ಮಲಗಿದಾಗಲೂ ಮಲಗದೆ ಕಾಯುವವರು ಅವರೊಬ್ಬರೇ. ಒಬ್ಬ ಹಿರಿಯಳು ಎದ್ದು ಆ ಕೂಸನ್ನು ಎತ್ತಿಕೊಂಡು ಪ್ರದಕ್ಷಿಣೆಯ ದಾರಿಯಲ್ಲಿ ಎರಡು ಸುತ್ತು ತಿರುಗಾಡಿಸಿದರೆ, ತಾಯಿಯು ಅರ್ಧ ಗಂಟೆ ಕಥೆ ಕೇಳಿಯಾಳು, ಅಥವಾ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಯಾಳು. ಎರಡೂ ನಮಗೆ ಸಮ್ಮತವೇ.

ದೇವಕಿಯ ಬಯಕೆ

ಕೊನೆಯದಾಗಿ ಒಂದು ಮಾತು. ಉಡುಪಿಯಲ್ಲಿ ಶ್ರೀಮದಾಚಾರ್ಯರು ಪ್ರತಿಷ್ಠಾಪಿಸಿದ ಶ್ರೀಕೃಷ್ಣನ ಕೈಯಲ್ಲಿ ಶಂಖಚಕ್ರಗಳಿಲ್ಲ. ಬಲಗೈಯಲ್ಲಿ ಕಡಗೋಲು, ಎಡಗೈಯಲ್ಲಿ ಹಗ್ಗ. ಆ ಮೂರ್ತಿಯ ಪೂರ್ವಕಥೆಯನ್ನು ಸಂಪ್ರದಾಯವು ಹೀಗೆ ಹೇಳುತ್ತದೆ. ದ್ವಾರಕೆಯಲ್ಲಿ ದೇವಕಿಯು, ಹೆತ್ತ ಮಗನ ಬಾಲಲೀಲೆಯನ್ನು ಕಾಣುವ ಭಾಗ್ಯ ತನಗಿಲ್ಲವಾಯಿತೆಂದು ಕೊರಗಿದಳು. ಶ್ರೀಕೃಷ್ಣನು ಕೂಡಲೇ ಕೂಸಾಗಿ ಮೊಲೆಯುಂಡು, ಮೊಸರ ಗಡಿಗೆ ಒಡೆದು, ಕಡಗೋಲು ಹಗ್ಗಗಳನ್ನು ಕಸಿದುಕೊಂಡು ನಿಂತನು. ಅದನ್ನು ಕಂಡ ರುಕ್ಮಿಣೀದೇವಿಯು ಆ ರೂಪದ ಪ್ರತಿಮೆಯನ್ನು ಮಾಡಿಸಿಕೊಂಡಳು. ನಾವು ದಿನವೂ ಕೈ ಮುಗಿಯುವುದು ಮಲಗದೆ ಮನೆಯನ್ನೆಲ್ಲ ಎಬ್ಬಿಸಿದ ಆ ಮಗುವಿಗೇ.

ಬಳಲಿದ ತಾಯಿಗೆ ಇದನ್ನು ಹೇಳಿ "ನಿನ್ನ ಭಾಗ್ಯ ದೊಡ್ಡದು, ಸಹಿಸಿಕೋ" ಎನ್ನುವುದು ನಮ್ಮ ಉದ್ದೇಶವಲ್ಲ. ಅವಳಿಗೆ ಮಾತಿಗಿಂತ ನಿದ್ರೆ ಬೇಕು. ಈ ಕಥೆಯನ್ನು ಹೇಳಿದ್ದು ಮನೆಯ ಉಳಿದವರಿಗಾಗಿ. ದೇವಕಿಗೆ ತಪ್ಪಿದ ಸೇವೆಯು ನಿಮ್ಮ ಮನೆಯ ಕೋಣೆಯಲ್ಲಿ ನಡುರಾತ್ರಿ ಅಳುತ್ತಿದೆ. ಎದ್ದು ಹೋಗಿ ಎತ್ತಿಕೊಳ್ಳಿರಿ. ಈ ಕಾರ್ತಿಕದಲ್ಲಿ ದಾಮೋದರನ ಪ್ರೀತ್ಯರ್ಥವಾಗಿ ದೀಪಗಳನ್ನು ಹಚ್ಚುವ ಪ್ರತಿಯೊಬ್ಬ ಗೃಹಸ್ಥನೂ ಒಂದು ದೀಪವನ್ನು ಆರಿಸುವ ಸಂಕಲ್ಪವನ್ನೂ ಮಾಡಲಿ: ರಾತ್ರಿ ಒಂಬತ್ತಕ್ಕೆ ಕೂಸಿನ ಕೋಣೆಯ ದೀಪವನ್ನು ಆರಿಸಿ, ಅದರ ತಾಯಿಗೆ "ನೀನು ಮಲಗು, ಮೊದಲ ಜಾವ ನನ್ನದು" ಎನ್ನಲಿ.

ತಾಯಿಯ ಪರಿಶ್ರಮವನ್ನು ಕಂಡು ಕಟ್ಟಿಸಿಕೊಂಡ ಶ್ರೀದಾಮೋದರನು ಆ ಪರಿಶ್ರಮವನ್ನು ಕಾಣುವ ಕಣ್ಣನ್ನು ನಮಗೆಲ್ಲರಿಗೂ ಕೊಡಲಿ. ಎಲ್ಲ ಮನೆಗಳ ಕೂಸುಗಳಿಗೆ ಆಯುರಾರೋಗ್ಯವನ್ನೂ ತಾಯಂದಿರಿಗೆ ಸುಖನಿದ್ರೆಯನ್ನೂ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥